ದೊಡ್ಡವಳಾದ ಮಗಳಿಗೆ ಆಟ ಬೇಡವೇ?

ಏಳನೆಯ ತರಗತಿಯವರೆಗೆ ಕುಂಟೆಬಿಲ್ಲೆ, ಲಗೋರಿ ಎಂದು ಬೀದಿಯಲ್ಲೇ ಇದ್ದ ಹುಡುಗಿ ಮೈನೆರೆದ ಕೂಡಲೇ ಮನೆಯೊಳಗೆ ಸೇರುವುದು ನಮ್ಮಲ್ಲಿ ಸಾಮಾನ್ಯ. ‘ಇನ್ನು ಕುಣಿದಾಡಿದ್ದು ಸಾಕು’ ಎನ್ನುತ್ತಾರೆ ಅಜ್ಜಿ. ಅದರ ಮೇಲೆ ಟ್ಯೂಷನ್, ಎಸ್ಸೆಸ್ಸೆಲ್ಸಿ ಭಯ, ಕೈಯಲ್ಲಿ ಮೊಬೈಲ್. ಆದರೆ ದೇಹದ ಲೆಕ್ಕದಲ್ಲಿ ಆಟ ಬಿಡಿಸಲು ಇದಕ್ಕಿಂತ ಕೆಟ್ಟ ವಯಸ್ಸಿಲ್ಲ.

ಮೂಳೆ ಜೀವವುಳ್ಳ ಅಂಗ. ಅದರಲ್ಲಿ ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಸದಾ ಕೆಲಸ ಮಾಡುತ್ತಿರುತ್ತವೆ. ಮಗು ಜಿಗಿದು ನೆಲಕ್ಕೆ ಕಾಲೂರಿದಾಗ ಮೂಳೆಯ ಮೇಲೆ ಬೀಳುವ ಒತ್ತಡ, ಸ್ನಾಯುಗಳ ಸೆಳೆತ, ಇವು ‘ಇನ್ನಷ್ಟು ಕಟ್ಟು’ ಎಂಬ ಸೂಚನೆ ಕೊಡುತ್ತವೆ. ಹುಡುಗಿಯರಲ್ಲಿ ಸುಮಾರು ಹನ್ನೆರಡೂವರೆ, ಹುಡುಗರಲ್ಲಿ 14ರ ಆಸುಪಾಸಿನಲ್ಲಿ ಈ ಕಟ್ಟಡದ ಕೆಲಸ ಅತಿ ಬಿರುಸಾಗಿರುತ್ತದೆ. ಆ ಎರಡೇ ವರ್ಷಗಳಲ್ಲಿ ವಯಸ್ಕರ ಮೂಳೆಯಲ್ಲಿರುವ ಖನಿಜಾಂಶದ ಸುಮಾರು ಕಾಲು ಭಾಗ ಸೇರಿಕೊಳ್ಳುತ್ತದೆ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಬೇಗ ಬೇಗ ಸವೆಯುತ್ತದಲ್ಲ, ಆಗ ಕೈಹಿಡಿಯುವುದು ಈ ಗಳಿಕೆಯೇ. ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಅಜ್ಜಿಯರು ಯಾವ ಊರಲ್ಲಿಲ್ಲ?

ಫಿನ್ಲೆಂಡ್‌ನ ಸಂಶೋಧಕರು 1995ರಲ್ಲಿ ಟೆನಿಸ್ ಮತ್ತು ಸ್ಕ್ವಾಷ್ ಆಟಗಾರ್ತಿಯರ ಎರಡೂ ತೋಳುಗಳನ್ನು ಅಳೆದರು. ರ್ಯಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದಕ್ಕಿಂತ ಗಟ್ಟಿಯಾಗಿತ್ತು. ಮೈನೆರೆಯುವ ಮೊದಲು ಅಥವಾ ಆ ಹೊತ್ತಿಗೆ ಆಟ ಆರಂಭಿಸಿದವರಲ್ಲಿ ಈ ಲಾಭ, ತಡವಾಗಿ ಆರಂಭಿಸಿದವರಿಗಿಂತ ಎರಡರಿಂದ ನಾಲ್ಕು ಪಟ್ಟು ಹೆಚ್ಚು!

ಹಾಗೆಂದು ಟೆನಿಸ್ ಕ್ಲಬ್ಬಿಗೆ ಹಣ ಕಟ್ಟಬೇಕಿಲ್ಲ. ಖೊಖೊ, ಕಬಡ್ಡಿ, ಥ್ರೋಬಾಲ್, ಹಗ್ಗದಾಟ ಯಾವುದಾದರೂ ಸರಿ. ಈಜು, ಸೈಕಲ್ ಹೃದಯಕ್ಕೆ ಬಹಳ ಒಳ್ಳೆಯವು, ಮೂಳೆಗೆ ಮಾತ್ರ ನೆಗೆತದ ಆಟಗಳೇ ಮೇಲು. 5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ಬೆವರುವ ಚಟುವಟಿಕೆ, ವಾರದಲ್ಲಿ ಕನಿಷ್ಠ ಮೂರು ದಿನ ಸ್ನಾಯು ಮತ್ತು ಮೂಳೆ ಬಲಪಡಿಸುವ ಆಟ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ಅರವತ್ತು ನಿಮಿಷ ಒಂದೇ ಸಲ ಆಗಬೇಕೆಂದಿಲ್ಲ. ಶಾಲೆಗೆ ಬಿರುಸಾಗಿ ನಡೆದು ಹೋಗುವುದೂ ಲೆಕ್ಕಕ್ಕೆ ಬರುತ್ತದೆ. ಅದೇ ಸಂಸ್ಥೆಯ ತಜ್ಞರು 2019ರಲ್ಲಿ ಪ್ರಕಟಿಸಿದ ಅಂದಾಜಿನಂತೆ ಜಗತ್ತಿನಲ್ಲಿ 11ರಿಂದ 17 ವರ್ಷದ ಹುಡುಗರಲ್ಲಿ ಶೇ. 78, ಹುಡುಗಿಯರಲ್ಲಿ ಶೇ. 85 ಮಂದಿ ಸಾಕಷ್ಟು ಚಟುವಟಿಕೆಯಿಂದಿರಲಿಲ್ಲ.

ಮುಟ್ಟಿನ ದಿನಗಳಲ್ಲಿ ಆಡಬಾರದೇ ಎಂದು ತಾಯಂದಿರು ಕೇಳುವುದುಂಟು. ಮಗಳಿಗೆ ಆಯಾಸವಿಲ್ಲದಿದ್ದರೆ ಧಾರಾಳವಾಗಿ ಆಡಲಿ. ಕೆಲವರಿಗೆ ಇದರಿಂದ ಹೊಟ್ಟೆನೋವೂ ಕಡಿಮೆಯಾಗುತ್ತದೆ. ಓದು ಕೆಡುತ್ತದೆಂಬ ಭಯವೂ ಬೇಡ. ಆಡಿ ಬಂದ ಮಗುವಿಗೆ ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ, ಗಮನವೂ ನಿಲ್ಲುತ್ತದೆ.

ಮೂಳೆ ಕಟ್ಟಲು ಸಾಮಗ್ರಿಯೂ ಬೇಕು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಹಾಲು, ಮೊಸರು, ಸೊಪ್ಪು ಜೊತೆಗಿರಲಿ. ಮೈಗೆ ಬಿಸಿಲು ತಾಗಿದರೆ ಆ ಕ್ಯಾಲ್ಸಿಯಂ ಹೀರಿಕೊಳ್ಳಲು ಬೇಕಾದ ವಿಟಮಿನ್ ಡಿ ಚರ್ಮದಲ್ಲೇ ತಯಾರಾಗುತ್ತದೆ. ಕಪ್ಪಾಗುತ್ತಾಳೆಂದು ಒಳಗೆ ಕೂರಿಸಬೇಡಿ.

ಸ್ವಲ್ಪ ಓಡಿದರೂ ಏದುಸಿರು ಬಿಡುವ, ಬಿಳಿಚಿಕೊಂಡ ಹುಡುಗಿಯನ್ನು ಸೋಮಾರಿ ಎಂದು ಗದರುವ ಮೊದಲು ರಕ್ತದ ಹಿಮೋಗ್ಲೋಬಿನ್ ಪರೀಕ್ಷಿಸಿ. ರಕ್ತಹೀನತೆ ಈ ವಯಸ್ಸಿನಲ್ಲಿ ಬಹಳ. ಆಡುವಾಗ ಎದೆನೋವು ಬಂದರೆ, ತಲೆಸುತ್ತಿ ಬಿದ್ದರೆ, ಅಥವಾ ಕ್ರೀಡಾಕೂಟಕ್ಕೆಂದು ಕಠಿಣ ತರಬೇತಿಯಲ್ಲಿರುವ ಹುಡುಗಿಗೆ ತಿಂಗಳುಗಟ್ಟಲೆ ಮುಟ್ಟು ನಿಂತರೆ ತಡಮಾಡದೆ ವೈದ್ಯರಿಗೆ ತೋರಿಸಿ.