ವ್ಯಾನಿನ ಚಾರ್ಜಿಂಗ್ ಕ್ರೇಡಲ್ ಮೂಲಕ ಫ್ಯೂಸ್ ಪಾಠ

ಹತ್ತನೇ ತರಗತಿಯ ‘ವಿದ್ಯುಚ್ಛಕ್ತಿ’ ಘಟಕದಲ್ಲಿ ಫ್ಯೂಸ್‌ನ ವ್ಯಾಖ್ಯೆಯನ್ನು ಮಕ್ಕಳು ಸುಲಭವಾಗಿ ಬಾಯಿಪಾಠ ಹೇಳುತ್ತಾರೆ. ಆದರೆ ಅದನ್ನು ಮಂಡಲದಲ್ಲಿ ಎಲ್ಲಿ ಇಡಬೇಕು, ಏಕೆ ಎಂದರೆ ತಡವರಿಸುತ್ತಾರೆ. ಇದಕ್ಕಾಗಿ ನನ್ನ ಅಭ್ಯಾಸ ಬೋಧನೆಗೆ ಪಾರ್ಸೆಲ್ ವ್ಯಾನನ್ನು ಸಂದರ್ಭವಾಗಿ ಆರಿಸಿಕೊಂಡೆ. ಪಾರ್ಸೆಲ್ ಸ್ಕ್ಯಾನ್ ಮಾಡುವ ಕೈಯಂತ್ರವನ್ನು ಮಕ್ಕಳೆಲ್ಲ ನೋಡಿದ್ದಾರೆ. ವ್ಯಾನಿನಲ್ಲಿ ಅದನ್ನು ಕೂರಿಸಿ ಚಾರ್ಜ್ ಮಾಡುವ ತೊಟ್ಟಿಲೇ ಕ್ರೇಡಲ್.

ಕಲಿಕಾ ಫಲಗಳು: ಸಾಮರ್ಥ್ಯದ ಸೂತ್ರದಿಂದ ಪ್ರವಾಹವನ್ನು ಲೆಕ್ಕಹಾಕುವುದು, ಫ್ಯೂಸ್‌ನ ಸ್ಥಾನವನ್ನು ಕಾರಣಸಹಿತ ನಿರ್ಧರಿಸುವುದು.

ಸಾಮಗ್ರಿ: ಹಗ್ಗ, ಎರಡು ಡಸ್ಟರ್, ಬೆಂಕಿಪೊಟ್ಟಣ, ಕೆಂಪು ಸೀಮೆಸುಣ್ಣ. ನಿಜವಾದ ಬ್ಯಾಟರಿಯಲ್ಲಿ ಹ್ರಸ್ವಮಂಡಲ ತೋರಿಸುವುದು ಅಪಾಯ, ಅದು ಬೇಡ.

ಹೆಜ್ಜೆ 1: ಕೈಯಂತ್ರಕ್ಕೆ 5 ವೋಲ್ಟ್, 2 ಆಂಪಿಯರ್ ಬೇಕೆಂದು ಇಟ್ಟುಕೊಂಡೆವು. ಸಾಮರ್ಥ್ಯ 10 ವ್ಯಾಟ್. ವ್ಯಾನಿನ ಬ್ಯಾಟರಿ 12 ವೋಲ್ಟ್. ಕ್ರೇಡಲ್‌ನ ಪರಿವರ್ತಕ ಅದನ್ನು 5ಕ್ಕೆ ಇಳಿಸುತ್ತದೆ. ನಷ್ಟವನ್ನು ಬಿಟ್ಟರೆ ಬ್ಯಾಟರಿಯಿಂದ ಹರಿಯುವುದು ಸುಮಾರು 0.83 ಆಂಪಿಯರ್. “ಇಷ್ಟು ಕಡಿಮೆ ಪ್ರವಾಹಕ್ಕೆ ಫ್ಯೂಸ್ ಯಾಕೆ ಟೀಚರ್?” ಎಂಬ ಪ್ರಶ್ನೆ ತಾನಾಗಿ ಬಂತು.

ಹೆಜ್ಜೆ 2: ಒಂದು ಡಸ್ಟರ್ ಬ್ಯಾಟರಿ, ಇನ್ನೊಂದು ಕ್ರೇಡಲ್, ನಡುವಿನ ಹಗ್ಗ ಧನ ತಂತಿ, ನೆಲವೇ ವ್ಯಾನಿನ ಲೋಹದ ಬಾಡಿ. ಬಾಡಿಯೇ ಋಣ ದಾರಿ ಎಂಬುದನ್ನು ಮೊದಲೇ ತಿಳಿಸಿದೆ. ಬೆಂಕಿಪೊಟ್ಟಣವನ್ನು, ಅಂದರೆ ಫ್ಯೂಸನ್ನು, ಎಲ್ಲಿಡೋಣ ಎಂದು ಕೇಳಿದಾಗ ಹೆಚ್ಚಿನವರು ಕ್ರೇಡಲ್ ಪಕ್ಕ ಎಂದರು. “ಸುಟ್ಟರೆ ಬದಲಾಯಿಸೋದು ಸುಲಭ, ಯಂತ್ರಾನೂ ಉಳಿಯುತ್ತೆ” ಎಂದು ಒಬ್ಬ ವಾದಿಸಿದ.

ಸರಿ, ತಪ್ಪು ಎನ್ನದೆ ಹಗ್ಗದ ನಡುವೆ ಕೆಂಪು ಗುರುತು ಹಾಕಿದೆ. “ವ್ಯಾನ್ ಅಲುಗಿ ಅಲುಗಿ ತಂತಿಯ ಹೊದಿಕೆ ಇಲ್ಲಿ ಸವೆದು ಬಾಡಿಗೆ ತಾಗಿದೆ. ಪ್ರವಾಹದ ದಾರಿಯನ್ನು ಬೆರಳಿನಿಂದ ತೋರಿಸಿ.” ಅದೇ ಹುಡುಗ ಮುಂದೆ ಬಂದ. ಅವನ ಬೆರಳು ಬ್ಯಾಟರಿಯಿಂದ ಹೊರಟು ಗುರುತಿನಲ್ಲಿ ನೆಲಕ್ಕಿಳಿದು ಬ್ಯಾಟರಿಗೆ ಮರಳಿತು. ಬೆಂಕಿಪೊಟ್ಟಣ ದಾರಿಯಲ್ಲೇ ಇರಲಿಲ್ಲ. ಅವನೇ ಅದನ್ನೆತ್ತಿ ಬ್ಯಾಟರಿಯ ಪಕ್ಕ ಇಟ್ಟ. ಫ್ಯೂಸ್ ಮೊದಲು ಕಾಯುವುದು ತಂತಿಯನ್ನು. ಆ ತಂತಿ ಕಾದರೆ ವ್ಯಾನೇ ಹೊತ್ತಿಕೊಳ್ಳಬಹುದು ಎಂಬುದು ತರಗತಿಯಿಂದಲೇ ಬಂದ ತೀರ್ಮಾನ.

ಹೆಜ್ಜೆ 3: ಫ್ಯೂಸ್‌ನ ಅಳತೆ ಉಪಕರಣಕ್ಕೆ ಬೇಕಾದ ಪ್ರವಾಹಕ್ಕಿಂತ ಹೆಚ್ಚು, ತಂತಿ ತಾಳುವುದಕ್ಕಿಂತ ಕಡಿಮೆ ಇರಬೇಕು. ನಿಖರ ಅಂಕಿಗೆ ತಯಾರಕರ ಕೈಪಿಡಿಯೇ ಆಧಾರ. ಲೋಹದ ರಂಧ್ರದಲ್ಲಿ ತಂತಿ ಹಾಯುವಲ್ಲಿ ರಬ್ಬರ್ ಬಳೆ ಬೇಕು. ಕ್ರೇಡಲ್ ಚಾಲಕನ ನೋಟಕ್ಕೂ ಏರ್‌ಬ್ಯಾಗ್‌ಗೂ ಅಡ್ಡ ಬರಬಾರದು.

ಮೌಲ್ಯಮಾಪನ:
1. ಕ್ರೇಡಲನ್ನು ಇಗ್ನಿಷನ್ ಕೀಲಿಗೆ ಒಳಪಡದಂತೆ ನೇರ ಬ್ಯಾಟರಿಗೆ ಜೋಡಿಸಿದರೆ, ನಿಂತ ವ್ಯಾನಿನಲ್ಲಿ ಏನಾಗುತ್ತದೆ?
2. ಕೆಲಸ ಆರಂಭಿಸುವಾಗ ಬ್ಯಾಟರಿಯ ಋಣ ತಂತಿಯನ್ನೇ ಮೊದಲು ಕಳಚುವುದೇಕೆ?

ಎರಡನೆಯದಕ್ಕೆ ಒಂದು ಗುಂಪು ಮತ್ತೆ ಹಗ್ಗದ ಬಳಿಗೆ ಹೋಗಿ ಉತ್ತರ ಕಂಡುಕೊಂಡಿತು: ಧನ ತುದಿ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಾಗಿದರೂ, ಋಣ ಮೊದಲೇ ಕಳಚಿದ್ದರೆ ಮಂಡಲ ಪೂರ್ಣವಾಗದು.

ಈ ಪಾಠ ಮಾಡುವ ಸಹಶಿಕ್ಷಣಾರ್ಥಿಗಳಿಗೆ ಒಂದು ಮಾತು: ಬೆರಳಿನಿಂದ ದಾರಿ ತೋರಿಸುವ ಹೆಜ್ಜೆಗೆ ಸಾಕಷ್ಟು ಸಮಯ ಕೊಡಿ, ಉತ್ತರವನ್ನು ನೀವು ಮೊದಲು ಹೇಳಬೇಡಿ.