ಸಂದರ್ಶನವೂ ನ್ಯಾಯವೂ

ನಮ್ಮ ಮಕ್ಕಳು ಶಾಲೆಯ ಓದನ್ನು ಮುಗಿಸಿ, ಇಂಜಿನಿಯರಿಂಗ್ ಪದವಿಯನ್ನು ಪಡೆದು, ತಂತ್ರಾಂಶ ಸಂಸ್ಥೆಗಳ ಉದ್ಯೋಗವನ್ನು ಅರಸಿ ಮೈಸೂರು, ಬೆಂಗಳೂರುಗಳತ್ತ ಹೊರಡುವುದು ಇಂದು ಸಾಮಾನ್ಯವಾಗಿದೆ. ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಅದಕ್ಕೆ ತಿಳಿಯುವ ಭಾಷೆಯಲ್ಲಿ ಹಂತಹಂತವಾಗಿ ಬರೆದಿಡುವುದೇ ತಂತ್ರಾಂಶ ರಚನೆ. ಆ ಉದ್ಯೋಗಕ್ಕೆ ಸೇರುವ ಮುನ್ನ ದಾಟಬೇಕಾದ ಹೊಸ್ತಿಲೇ ಸಂದರ್ಶನ. ಹಲವು ವರ್ಷಗಳ ವ್ಯಾಸಂಗದ ಫಲವು ಒಂದು ಗಂಟೆಯ ಪ್ರಶ್ನೋತ್ತರದಲ್ಲಿ ನಿರ್ಣಯವಾಗುವುದರಿಂದ, ಅದು ಹೇಗಿದ್ದರೆ ನ್ಯಾಯವಾದೀತು ಎಂಬುದನ್ನು ವಿಚಾರಿಸೋಣ.

ಅಕ್ಕಸಾಲಿಗನು ಚಿನ್ನವನ್ನು ಒರೆಗಲ್ಲಿಗೆ ಉಜ್ಜಿ ನೋಡುತ್ತಾನೆ. ಚಿನ್ನವು ಸಿರಿವಂತನದಾಗಲಿ, ಬಡವನದಾಗಲಿ, ಕಲ್ಲು ಒಂದೇ. ಸಂದರ್ಶನವೂ ಒಂದು ಒರೆಗಲ್ಲು. ಒಬ್ಬನಿಗೆ ಸುಲಭವಾದ ಪ್ರಶ್ನೆ, ಮತ್ತೊಬ್ಬನಿಗೆ ಕಠಿಣವಾದುದು. ಒಬ್ಬನಿಗೆ ಒಂದು ಗಂಟೆ, ಮತ್ತೊಬ್ಬನಿಗೆ ಹತ್ತೇ ನಿಮಿಷ ಎಂದಾದರೆ, ಅಲ್ಲಿ ಪರೀಕ್ಷಿತವಾದುದು ಯೋಗ್ಯತೆಯಲ್ಲ, ಅದೃಷ್ಟ.

ಈ ವಿಚಾರವು ಹೊಸದೇನಲ್ಲ. ಹಿಂದಿನ ಮೈಸೂರು ರಾಜ್ಯದಲ್ಲಿ ವೈದ್ಯಕೀಯ ಮತ್ತು ಇಂಜಿನಿಯರಿಂಗ್ ಕಾಲೇಜುಗಳ ಪ್ರವೇಶಕ್ಕೂ ಸಂದರ್ಶನವಿತ್ತು. ಐಚ್ಛಿಕ ವಿಷಯಗಳ ಗರಿಷ್ಠ ಅಂಕಗಳ ಶೇಕಡಾ 25ರಷ್ಟನ್ನು ಅದಕ್ಕೆ ಗೊತ್ತುಮಾಡಿದ್ದರು. ಇದನ್ನು ಪ್ರಶ್ನಿಸಿ ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದಾಗ, ಮೈಸೂರು ಉಚ್ಚ ನ್ಯಾಯಾಲಯವು ಆಗ ನಡೆದಿದ್ದ ಸಂದರ್ಶನಗಳನ್ನು ರದ್ದುಪಡಿಸಿ, ನಿಯಮದಂತೆ ಹೊಸದಾಗಿ ನಡೆಸಲು ಆಜ್ಞಾಪಿಸಿತು. ಚಿತ್ರಲೇಖಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ 1964ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಸಂದರ್ಶನವೆಂಬ ಪದ್ಧತಿಯೇ ಸಮಾನತೆಗೆ ವಿರುದ್ಧವೆನ್ನಲಾಗದೆಂದು ತೀರ್ಪಿತ್ತಿತು. ಮುಂದೆ ಶ್ರೀನಗರದ ಪ್ರಾದೇಶಿಕ ಇಂಜಿನಿಯರಿಂಗ್ ಕಾಲೇಜಿನ ಮೊಕದ್ದಮೆಯಲ್ಲಿ, ಲಿಖಿತ ಪರೀಕ್ಷೆಗೆ 100, ಸಂದರ್ಶನಕ್ಕೆ 50 ಅಂಕಗಳಿದ್ದುದನ್ನು ಅದೇ ನ್ಯಾಯಾಲಯವು 1980ರಲ್ಲಿ ಒಪ್ಪಲಿಲ್ಲ. ಸಂದರ್ಶನದ ಅಂಕಗಳು ಒಟ್ಟಿನ ಶೇಕಡಾ 15ನ್ನು ಮೀರಬಾರದೆಂದೂ, ಅಲ್ಲಿಯ ಮಾತುಗಳನ್ನು ಧ್ವನಿಮುದ್ರಿಸುವುದು ಒಳಿತೆಂದೂ ಹೇಳಿತು. ಈ ತೀರ್ಪುಗಳು ಸರ್ಕಾರ ಮತ್ತು ಅದರ ಸಂಸ್ಥೆಗಳಿಗೆ ಸಂಬಂಧಿಸಿದವು; ಖಾಸಗಿ ಸಂಸ್ಥೆಗಳನ್ನು ಅವು ನೇರವಾಗಿ ಕಟ್ಟಿಹಾಕಲಾರವು. ಆದರೆ ಅವುಗಳೊಳಗಿನ ನ್ಯಾಯದ ತತ್ತ್ವವು ಎಲ್ಲೆಡೆಯೂ ಒಂದೇ.

ಇನ್ನು ಅಭ್ಯರ್ಥಿಯ ನೆಮ್ಮದಿಯ ಮಾತು. ಅಂಜಿಕೆಯನ್ನು ತಾಳಲಾರದವನು ಕೆಲಸವನ್ನೇನು ಮಾಡಿಯಾನು ಎಂದು ಕೆಲವರು ಕೇಳುವುದುಂಟು. ಅಮೆರಿಕದ ಉತ್ತರ ಕೆರೊಲಿನಾ ರಾಜ್ಯ ವಿಶ್ವವಿದ್ಯಾಲಯವೂ ಮೈಕ್ರೋಸಾಫ್ಟ್ ಸಂಸ್ಥೆಯೂ ಕೂಡಿ ನಡೆಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಉತ್ತರವನ್ನು ಕೊಡುತ್ತದೆ. 48 ವಿದ್ಯಾರ್ಥಿಗಳನ್ನು ಎರಡು ಗುಂಪುಗಳಾಗಿ ಮಾಡಿದರು. ಒಂದು ಗುಂಪಿನವರು ಸಂದರ್ಶಕನ ಎದುರು ಫಲಕದ ಮೇಲೆ ಬರೆಯುತ್ತ, ಯೋಚಿಸಿದ್ದನ್ನೆಲ್ಲ ಗಟ್ಟಿಯಾಗಿ ಹೇಳಬೇಕಾಗಿತ್ತು. ಇನ್ನೊಂದು ಗುಂಪಿನವರು ಅದೇ ಸಮಸ್ಯೆಯನ್ನು ಏಕಾಂತದಲ್ಲಿ ಬಿಡಿಸಿದರು. ಮೊದಲ ಗುಂಪಿನವರ ಸಾಧನೆಯು ಎರಡನೆಯವರದರ ಸುಮಾರು ಅರ್ಧಕ್ಕೆ ಇಳಿಯಿತು. ಆದುದರಿಂದ ಅಭ್ಯರ್ಥಿಗೆ ನೆಮ್ಮದಿಯನ್ನು ಒದಗಿಸುವುದು ದಾಕ್ಷಿಣ್ಯವಲ್ಲ; ಸರಿಯಾಗಿ ಅಳೆಯುವುದಕ್ಕೆ ಅದು ಅವಶ್ಯಕ. ಕಲಕಿದ ನೀರಿನಲ್ಲಿ ತಳವು ಕಾಣುವುದೇ?

ಹಾಗಾದರೆ ಸಂದರ್ಶಕನ ಕರ್ತವ್ಯವೇನು? ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಗ್ರಂಥಾಲಯಕ್ಕೆ ಮರಳಿ ಬಾರದ ಪುಸ್ತಕಗಳ ಪಟ್ಟಿಯನ್ನು ಸಿದ್ಧಪಡಿಸುವ ಪ್ರೋಗ್ರಾಂ ಬರೆಯಬೇಕೆಂಬುದು ಪ್ರಶ್ನೆಯೆನ್ನಿ. ಸಮಸ್ಯೆಯನ್ನು ಅರಿತುದಕ್ಕೆ 30, ಸರಿಯಾದ ಮಾರ್ಗಕ್ಕೆ 40, ತಪ್ಪನ್ನು ಹುಡುಕಿ ತಿದ್ದಿದುದಕ್ಕೆ 20, ವಿವರಣೆಗೆ 10 ಎಂದು ಅಂಕಗಳನ್ನು ಮೊದಲೇ ಹಂಚಿಡಬೇಕು. ಎಲ್ಲರಿಗೂ ಅದೇ ಪ್ರಶ್ನೆ, ಅಷ್ಟೇ ಸಮಯ. ಇಬ್ಬರು ಸಂದರ್ಶಕರು ಬೇರೆಬೇರೆಯಾಗಿ ಅಂಕವಿತ್ತು, ಬಳಿಕ ಹೋಲಿಸಬೇಕು. ಹೀಗೆ ಮಾಡಿದಲ್ಲಿ, ನಿರರ್ಗಳವಾಗಿ ಮಾತನಾಡಿಯೂ ಮಾರ್ಗವನ್ನು ಕಾಣದವನು ಹೆಚ್ಚು ಅಂಕ ಪಡೆಯಲಾರನು. ತಡೆತಡೆದು ಮಾತನಾಡಿಯೂ ಸರಿಯಾಗಿ ಬಿಡಿಸಿದವಳು ಹಿಂದೆ ಬೀಳಲಾರಳು. ಊರು, ಜಾತಿ, ತಂದೆಯ ಉದ್ಯೋಗ, ಹೆಣ್ಣುಮಕ್ಕಳ ಮದುವೆಯ ವಿಚಾರ ಇವುಗಳಿಗೆ ಅಲ್ಲಿ ಸ್ಥಾನವಿರಕೂಡದು.

ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಇದು ಮುಖ್ಯವಾದ ಮಾತು. ಇಂಗ್ಲಿಷ್ ಉದ್ಯೋಗಕ್ಕೆ ಬೇಕು, ಕಲಿಯಲೇಬೇಕು. ಆದರೆ ಉಚ್ಚಾರಣೆಯ ಸೊಗಸು ಬುದ್ಧಿಯ ಅಳತೆಯಲ್ಲ. ದೂರವನ್ನೂ ಸಂಸ್ಥೆಗಳು ಗಮನಿಸಬೇಕು. ಕಾಟ್ಟಿಕುಳಂನಿಂದ ಬಾವಲಿಯ ಮೂಲಕ ಮೈಸೂರಿಗೆ ಹೋಗುವ ಕಾಡಿನ ರಸ್ತೆಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ. ಬೆಳಗಿನ ಎಂಟು ಗಂಟೆಗೇ ಬರಹೇಳಿದರೆ ಇಲ್ಲಿಯವರು ಹಿಂದಿನ ದಿನವೇ ಹೊರಡಬೇಕು, ಇಲ್ಲವೇ ಕುಟ್ಟದ ಸುತ್ತುದಾರಿಯಲ್ಲಿ ನಿದ್ದೆಗೆಟ್ಟು ಹೋಗಬೇಕು. ಸಮಯವನ್ನು ತುಸು ಮುಂದಕ್ಕೆ ಹಾಕುವುದರಿಂದ ಸಂಸ್ಥೆಗೆ ನಷ್ಟವೇನು? ಅಂಗವಿಕಲರ ವಿಷಯದಲ್ಲಿಯಂತೂ ಅಗತ್ಯವಾದ ಅನುಕೂಲಗಳ ತತ್ತ್ವವನ್ನು 2016ರ ಕಾಯಿದೆಯೇ ಅಂಗೀಕರಿಸಿದೆ.

ವಿದ್ಯಾರ್ಥಿಗಳೇ, ನಿಮ್ಮ ಪಾಲಿನ ಸಿದ್ಧತೆಯೂ ಇದೆ. ಸಂದರ್ಶನವು ಎಷ್ಟು ಹೊತ್ತಿನದು, ಯಾವ ವಿಷಯಗಳನ್ನು ಕುರಿತದ್ದು ಎಂದು ಮುಂಚಿತವಾಗಿ ವಿನಯದಿಂದ ಕೇಳಿರಿ. ಹಾಗೆ ಕೇಳುವುದು ಉದ್ಧಟತನವಲ್ಲ. ಪ್ರಶ್ನೆಯು ತಿಳಿಯದಿದ್ದರೆ ಮತ್ತೊಮ್ಮೆ ಹೇಳಬೇಕೆಂದು ಕೋರಿರಿ. ಯೋಚಿಸಲು ಒಂದು ನಿಮಿಷದ ಮೌನವನ್ನು ಬೇಡಿರಿ. ಗೊತ್ತಿಲ್ಲದುದನ್ನು ಗೊತ್ತಿಲ್ಲವೆಂದೇ ಹೇಳಿರಿ. ಈಗಿನಿಂದಲೇ ಇಬ್ಬಿಬ್ಬರು ಗೆಳೆಯರು ಕುಳಿತು, ಒಬ್ಬನು ಲೆಕ್ಕವನ್ನು ಬಿಡಿಸುತ್ತ ವಿವರಿಸಲಿ, ಇನ್ನೊಬ್ಬನು ಮೊದಲೇ ಹಂಚಿಟ್ಟ ಅಂಕಗಳಂತೆ ಬೆಲೆ ಕಟ್ಟಲಿ. ಬಳಿಕ ಸ್ಥಾನಗಳನ್ನು ಬದಲಿಸಿಕೊಳ್ಳಿರಿ. ಅಳೆಯುವವನ ಕಷ್ಟವೂ ಆಗ ನಿಮಗೆ ತಿಳಿಯುವುದು.

ಪೋಷಕರಲ್ಲಿಯೂ ಒಂದು ಬಿನ್ನಹ. ಉದ್ಯೋಗ ಕೊಡಿಸುವೆವೆಂದು ಮುಂಗಡ ಹಣ ಕೇಳುವವರನ್ನು ನಂಬಬೇಡಿರಿ. ಒಂದು ಸಂದರ್ಶನದಲ್ಲಿ ಮಗನೋ ಮಗಳೋ ಆಯ್ಕೆಯಾಗದೆ ಮರಳಿದರೆ, ಅದನ್ನು ಇಡೀ ಜೀವನದ ತೀರ್ಪೆಂದು ತಿಳಿಯಬೇಡಿರಿ. ಒಂದು ದಿನದ ಒಂದು ಗಂಟೆಯ ಅಳತೆಯಷ್ಟೇ ಅದು. ಇಂದು ಬೆಂಚಿನ ಮೇಲೆ ಕುಳಿತ ಈ ಮಕ್ಕಳಲ್ಲಿ ಕೆಲವರು ಮುಂದೆ ಸಂದರ್ಶಕರ ಕುರ್ಚಿಯಲ್ಲಿ ಕುಳಿತಾರು. ಆಗ ಅವರ ಕೈಯಲ್ಲಿರುವ ಒರೆಗಲ್ಲು ಎಲ್ಲರಿಗೂ ಒಂದೇ ಆಗಿರಲಿ.