ಗೈಡಿಗೆ ಕೊಟ್ಟ ದುಡ್ಡು

ಹೊಗೆಸೊಪ್ಪಿನ ಹರಾಜು ಮುಗಿಯುತ್ತ ಬಂದಂತೆ ನಮ್ಮ ಕಟ್ಟೆಮಳಲವಾಡಿಯಲ್ಲಿ ಟೂರಿನ ಮಾತು ಶುರುವಾಗುತ್ತದೆ. ಸೊಪ್ಪಿನ ಬೇಲು ಮಾರಿದ ದುಡ್ಡು ಖಾತೆಗೆ ಬಿದ್ದಿರುತ್ತದೆ. ಬ್ಯಾಂಕಿನ ಸಾಲ, ಗೊಬ್ಬರದಂಗಡಿಯ ಬಾಕಿ, ಸೊಪ್ಪು ಹದ ಮಾಡುವ ಬ್ಯಾರನ್ನಿಗೆ ತಂದ ಸೌದೆಯ ಲೆಕ್ಕ ಎಲ್ಲ ಚುಕ್ತಾ ಆದ ಮೇಲೆ ಒಂದಿಷ್ಟು ಉಳಿದರೆ ಧರ್ಮಸ್ಥಳಕ್ಕೋ ಮಾದಪ್ಪನ ಬೆಟ್ಟಕ್ಕೋ ಹೋಗುವುದು ವಾಡಿಕೆ. ಈ ಸಲ ಅವ್ವ, "ಬೇಲೂರು ಹಳೇಬೀಡು ನೋಡ್ಕಂಡು ಬರವ" ಅಂದಳು. 2023ರಲ್ಲಿ ಆ ಎರಡೂ ಗುಡಿಗಳು, ಜೊತೆಗೆ ನಮ್ಮ ಜಿಲ್ಲೆಯ ಸೋಮನಾಥಪುರ, ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದನ್ನು ಟಿವಿಯಲ್ಲಿ ನೋಡಿದಾಗಿನಿಂದ ಅವಳ ಮನಸ್ಸಿನಲ್ಲಿತ್ತು.

ವಿಚಾರಿಸಿದಾಗ ಮೊದಲು ಸಿಕ್ಕಿದ್ದು ಪ್ಯಾಕೇಜು. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರೂ ಒಂದೇ ದಿನ, ಸೀಟಿಗೆ 900 ರೂಪಾಯಿ, ಊಟ ಮತ್ತು ಗೈಡು ನಮ್ಮದೇ ಖರ್ಚು. ದಾರಿಯಲ್ಲಿ ಕರಕುಶಲ ವಸ್ತುಗಳ ಅಂಗಡಿಯೊಂದರಲ್ಲಿ ನಿಲ್ಲಿಸುವುದೂ ಅದರಲ್ಲಿ ಸೇರಿತ್ತು. ಅಂಥ ಕಡೆ ಗಾಡಿ ನಿಲ್ಲುವುದು ಕಮಿಷನ್ನಿಗೆ. ಆ ಹೊತ್ತು ಹೋಗುವುದು ಮಾತ್ರ ಗುಡಿಯ ಮುಂದೆ ನಾವು ನಿಲ್ಲಬೇಕಾದ ಹೊತ್ತಿನಿಂದ. ನಮ್ಮ ಭಾವನ ಮಗ ದುಬೈಯಿಂದ ಕೈರೋಗೆ ಹೋಗಿದ್ದಾಗ ಗಿಜಾ, ಸಕ್ಕಾರ, ಮೆಂಫಿಸ್ ಮೂರನ್ನೂ ಒಂದೇ ದಿನ ತೋರಿಸುವ ಪ್ಯಾಕೇಜು ಹಿಡಿದಿದ್ದ. ಪಪೈರಸ್ ಚಿತ್ರಗಳ ಅಂಗಡಿ, ಅತ್ತರಿನ ಅಂಗಡಿ ಎಂದು ಸುತ್ತಿಸಿ, ನಾಲ್ಕೂವರೆ ಸಾವಿರ ವರ್ಷಕ್ಕೂ ಹಳೆಯದಾದ ಸಕ್ಕಾರದ ಮೆಟ್ಟಿಲು ಪಿರಮಿಡ್ಡಿನ ಮುಂದೆ ಫೋಟೊ ಹೊಡೆಯುವಷ್ಟೇ ಪುರುಸೊತ್ತು ಕೊಟ್ಟರಂತೆ. ಅಷ್ಟು ದೂರ ಹೋದವನಿಗೆ ಆದದ್ದು ಹತ್ತಿರ ಹೋಗುವವರಿಗೂ ಆಗುತ್ತದೆ.

ನಾವು ಶ್ರವಣಬೆಳಗೊಳ ಬಿಟ್ಟೆವು. ನಮ್ಮ ಕೇರಿಯ ಮೂರು ಮನೆಯವರು ಸೇರಿ ಹನ್ನೆರಡು ಜನಕ್ಕೆ ಒಂದು ಟೆಂಪೊ ಟ್ರಾವೆಲರ್ ಗೊತ್ತು ಮಾಡಿದೆವು. ಕೆ.ಆರ್. ನಗರ, ಹೊಳೆನರಸೀಪುರ, ಹಾಸನದ ಮೇಲೆ ಹೋಗಿ ಬರಲು ಸುಮಾರು 300 ಕಿಲೋಮೀಟರ್. ಕಿಲೋಮೀಟರಿಗೆ 22ರಂತೆ 6,600, ಡ್ರೈವರ್ ಬಾಟಾ 600, ಒಟ್ಟು 7,200. ತಲೆಗೆ 600 ಬಿತ್ತು. ಬೆಳಗಿನ ತಿಂಡಿಗೆ ಬುತ್ತಿ ಕಟ್ಟಿಕೊಂಡಿದ್ದೆವು. ಬೇಲೂರಿನಲ್ಲಿ ಒಳಗೆ ಹೋಗಲು ಟಿಕೆಟ್ಟೇ ಇಲ್ಲ, ಅದು ಇವತ್ತಿಗೂ ಪೂಜೆ ನಡೆಯುವ ಗುಡಿ.

ಗೈಡಿನ ವಿಷಯಕ್ಕೆ ಮಾತ್ರ ಚರ್ಚೆಯಾಯಿತು. "ಯೂಟ್ಯೂಬಲ್ಲಿ ಎಲ್ಲ ಐತೆ, ಸುಮ್ನೆ ಯಾಕೆ" ಎಂದು ಚಿಕ್ಕಪ್ಪನ ವಾದ. ಗುರುತಿನ ಚೀಟಿ ಹಾಕಿಕೊಂಡಿದ್ದ ಗೈಡು 500 ಕೇಳಿದರು. ನಾನು ಚೌಕಾಸಿ ಮಾಡಲಿಲ್ಲ. ಹಳೇಬೀಡಿನಲ್ಲೂ ಅಷ್ಟೇ ಕೊಟ್ಟೆವು. ಎರಡೂ ಸೇರಿ ತಲೆಗೆ 83 ರೂಪಾಯಿ ಚಿಲ್ಲರೆ. ಇಡೀ ದಿನದ ಖರ್ಚಿನಲ್ಲಿ ಇಷ್ಟು ಕಡಿಮೆ ದುಡ್ಡಿಗೆ ಇಷ್ಟು ಹೆಚ್ಚು ಕೊಟ್ಟದ್ದು ಬೇರೊಂದಿಲ್ಲ.

ಬೇಲೂರಿನ ಗುಡಿಯ ಸೂರಿನ ಕೆಳಗಿನ ಮದನಿಕೆಯೊಂದರ ಹತ್ತಿರ ಹಲಸಿನ ಹಣ್ಣು, ಅದರ ಮೇಲೊಂದು ನೊಣ, ಅದಕ್ಕೆ ಹೊಂಚು ಹಾಕಿದ ಹಲ್ಲಿ. ಗೈಡು ಬೆರಳು ತೋರಿಸದಿದ್ದರೆ ನಮ್ಮಲ್ಲಿ ಒಬ್ಬರೂ ಅದನ್ನು ಕಾಣುತ್ತಿರಲಿಲ್ಲ. ಆಮೇಲೆ ಶಿಲ್ಪಿಗಳ ಹೆಸರಿಗೆ ಬಂದರು. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದವರೇ. ಕೆತ್ತಿದವರಲ್ಲಿ ಬಳ್ಳಿಗಾವಿಯ ದಾಸೋಜ ಒಬ್ಬ, ಅವನ ಮಗ ಚಾವಣ ಇನ್ನೊಬ್ಬ, ಇಬ್ಬರೂ ಮೂರ್ತಿಗಳ ಬುಡದಲ್ಲಿ ಕನ್ನಡದಲ್ಲೇ ಹೆಸರು ಕೊರೆದಿದ್ದಾರೆ ಎಂದಾಗ ಅವ್ವ ಗೈಡಿನ ಹತ್ತಿರ ಸರಿದಳು.

"ಕೆಲ್ಸ ಮಾಡ್ದೋರು ಹೆಸ್ರು ಬರ್ಕಳಕೆ ರಾಜ ಬುಟ್ಟಿದ್ನಾ ಸ್ವಾಮಿ?"

"ಬಿಟ್ಟಿದ್ದಕ್ಕೇ ಅಲ್ವಾ ತಾಯಿ, ಇವತ್ತು ನಿಮಗೆ ಹೇಳ್ತಿರೋದು."

"ನಮ್ ಬೇಲ್ ಮೇಲೆ ನಂಬ್ರದ್ ಚೀಟಿ ಅಷ್ಟೆ" ಅಂದಳು ಅವ್ವ. ನಲವತ್ತು ವರ್ಷ ಸೊಪ್ಪು ಕಟ್ಟಿದ ಕೈ ಅವಳದು. ಆ ಮಾತು ಅವಳ ಬಾಯಿಂದ ಬರುವಂತೆ ಮಾಡಿದ್ದು ಆ ಗೈಡು. ವಾದ ಮಾಡಿದ ಚಿಕ್ಕಪ್ಪನೇ ಹಳೇಬೀಡಿನಲ್ಲಿ ಎಲ್ಲರಿಗಿಂತ ಮುಂಚೆ ಹೋಗಿ ಗೈಡನ್ನು ಕರೆತಂದ.

ನಮ್ಮೂರಿನ ಸ್ತ್ರೀಶಕ್ತಿ ಸಂಘದ ಹೆಂಗಸರ ಲೆಕ್ಕ ಇನ್ನೂ ಚೆನ್ನಾಗಿದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಕೆಎಸ್‌ಆರ್‌ಟಿಸಿಯ ಸಾಮಾನ್ಯ ಬಸ್ಸುಗಳಲ್ಲಿ ಅವರಿಗೆ ಟಿಕೆಟ್ಟಿನ ದುಡ್ಡಿಲ್ಲ. ಬಸ್ಸು ಬದಲಾಯಿಸುವುದರಲ್ಲಿ ಹೊತ್ತು ಹೋಗುತ್ತದೆ, ಅದಕ್ಕೇ ಮೊದಲ ಬಸ್ಸಿಗೇ ಹೊರಡಬೇಕು, ಎರಡೇ ಊರು ಇಟ್ಟುಕೊಳ್ಳಬೇಕು. ಪ್ರಯಾಣದ ಖರ್ಚು ಉಳಿದ ಮೇಲೆ ಗೈಡಿಗೆ ಕೊಡಲು ಹಿಂದೆಮುಂದೆ ನೋಡಬೇಡಿ ಎಂದು ಅವರಿಗೆ ಹೇಳಿದ್ದೇನೆ. ಗುಂಪು ದೊಡ್ಡದಾದಷ್ಟೂ ತಲೆಗೆ ಬೀಳುವುದು ಕಡಿಮೆ. ಆದರೆ ಇಪ್ಪತ್ತು ದಾಟಿದರೆ ಹಿಂದಿದ್ದವರಿಗೆ ಮಾತು ಕೇಳುವುದಿಲ್ಲ, ಆಗ ಎರಡು ಗುಂಪು ಮಾಡಿಕೊಳ್ಳುವುದೇ ಸರಿ.

ಮುಂದಿನ ಹರಾಜಿನ ಹೊತ್ತಿಗೆ ಸೋಮನಾಥಪುರ ಎಂದಾಗಿದೆ. ಅಲ್ಲಿ ಪುರಾತತ್ವ ಇಲಾಖೆಯ ಟಿಕೆಟ್ಟು 25 ರೂಪಾಯಿ, ಹದಿನೈದು ವರ್ಷದೊಳಗಿನ ಮಕ್ಕಳಿಗೆ ಬಿಟ್ಟಿ. ಅವ್ವ ಸಂಘದ ಚೀಟಿ ದುಡ್ಡಿನಲ್ಲಿ ಗೈಡಿನ ಪಾಲನ್ನು ಈಗಲೇ ಬೇರೆ ತೆಗೆದಿಟ್ಟಿದ್ದಾಳೆ.